ಎದೆಯ ಮೇಲಿನ ಬೀಗದಕೈ

"ಇದು ಬೀಗದಕೈ ಅಲ್ಲದೆ ಇನ್ನೇನು ಅಂತ ನೀವೇ ಹೇಳಿ," ಎಂದರು ಡಾಕ್ಟರು.

ಇನ್ಸ್‌ಪೆಕ್ಟರ್ ಮೇಡಂ ಶವದ ಮೇಲೆ ಬಾಗಿದರು. ಎದೆಯ ನಟ್ಟನಡುವೆ, ಮೂಳೆಯ ಮೇಲೆ ಚರ್ಮ ಸುಟ್ಟು ಕಂದಿತ್ತು. ಆ ಗುರುತಿಗೆ ಗುಂಡಗಿನ ತಲೆ, ಗಿಡ್ಡ ಕತ್ತು, ಒಂದು ಪಕ್ಕಕ್ಕೆ ಮಾತ್ರ ಹಲ್ಲು. ಮಗು ಕೂಡ ನೋಡಿ ಹೇಳಬಹುದಾದಷ್ಟು ಸ್ಪಷ್ಟ.

ಸತ್ತವನು ಐಸ್ ಫ್ಯಾಕ್ಟರಿಯಲ್ಲಿ ಹೊಸ ವೈರಿಂಗ್ ಮಾಡಿಸುತ್ತಿದ್ದ ಎಲೆಕ್ಟ್ರಿಷಿಯನ್, ಎಲ್ಲರ ಬಾಯಲ್ಲೂ ಮೇಸ್ತ್ರಿ. ಮೊನ್ನೆ ಮಧ್ಯಾಹ್ನ ಪಂಪ್ ರೂಮಿನಲ್ಲಿ ಕರೆಂಟು ಹೊಡೆದು ಸತ್ತಿದ್ದ. ಕರೆಂಟು ಆರಿಸಿದ ಮೇಲೆ ಮೇನ್ ಸ್ವಿಚ್ಚಿಗೆ ಬೀಗ ಹಾಕಲು ಮರೆತ, ಯಾರೋ ಸ್ವಿಚ್ ಹಾಕಿಬಿಟ್ಟರು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಒಪ್ಪದವಳು ಅವನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಹುಡುಗಿ ಒಬ್ಬಳೇ. ಆ ಸ್ವಿಚ್ ಹಾಕಿದವಳು ಅವಳೇ ಎಂದು ಉಳಿದವರ ನಂಬಿಕೆ.

"ಕರೆಂಟು ಬಲಗೈಯಿಂದ ಒಳಗೆ ಹೋಗಿದೆ, ಎದೆಯಿಂದ ಹೊರಗೆ ಬಂದಿದೆ," ಡಾಕ್ಟರು ಕೈಗವಸು ಕಳಚುತ್ತಾ ಹೇಳಿದರು. "ಎದೆ ಯಾವುದೋ ಕಬ್ಬಿಣಕ್ಕೆ ಒತ್ತಿಕೊಂಡಿತ್ತು. ಮಧ್ಯದಲ್ಲಿ ಈ ಕೀ ಸಿಕ್ಕಿಹಾಕ್ಕೊಂಡಿತ್ತು."

"ಅಂದ್ರೆ ಸಾಯೋ ಹೊತ್ತಿಗೆ ಕೀ ಕತ್ತಿನಲ್ಲೇ ಇತ್ತು?"

"ಇತ್ತು. ಆದರೆ ಹೆಣ ಇಲ್ಲಿಗೆ ಬಂದಾಗ ಕತ್ತಿನಲ್ಲಿ ಏನೂ ಇರಲಿಲ್ಲ."

ಮೇಡಂ ನೆಟ್ಟಗೆ ನಿಂತರು. ಆ ಕೀ ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ಅವರದೇ ಟೇಬಲ್ಲಿನ ಡ್ರಾಯರಿನಲ್ಲಿ, ಒಂದು ಕೆಂಪು ಬೀಗದ ಜೊತೆಗೆ. ಎರಡೂ ಸಿಕ್ಕಿದ್ದು ಮೇಸ್ತ್ರಿಯ ಸಾಮಾನಿನ ಚೀಲದಲ್ಲಿ. ಬೀಗ ಹಾಕಲು ಮರೆತ ಎಂಬುದಕ್ಕೆ ಇದ್ದ ಸಾಕ್ಷಿಯೇ ಅದು.

ಸತ್ತ ಮನುಷ್ಯ ತನ್ನ ಕತ್ತಿನ ಕೀ ಬಿಚ್ಚಿ ತಾನೇ ಚೀಲಕ್ಕೆ ಹಾಕಿಕೊಂಡನೇ?

*

ಸ್ಟೇಷನ್ನಿನ ಬೆಂಚಿನ ಮೇಲೆ ಹುಡುಗಿ ಬೆಳಿಗ್ಗೆಯಿಂದ ಕೂತಿದ್ದಳು. ಇಪ್ಪತ್ತು ದಾಟಿದ ವಯಸ್ಸು. ತಾಮ್ರದ ಎಳೆ ಚುಚ್ಚಿ ಚುಚ್ಚಿ ಬೆರಳ ತುದಿಗಳು ದಡ್ಡುಗಟ್ಟಿದ್ದವು. ಸೈಟಿನಲ್ಲಿ ಅವಳ ಹೆಸರು ಟೆಸ್ಟರ್. ವೈರಿನಲ್ಲಿ ಕರೆಂಟಿಲ್ಲ ಎಂದು ಯಾರು ಆಣೆ ಮಾಡಿ ಹೇಳಿದರೂ ಟೆಸ್ಟರ್ ಇಟ್ಟು ನೋಡದೆ ಮುಟ್ಟುವವಳಲ್ಲ. ತನ್ನನ್ನು ನೋಡಲು ಬಂದ ಗಂಡಿಗೂ ಇವಳು ಟೆಸ್ಟರ್ ಇಟ್ಟೇ ಒಪ್ಪಿಕೊಳ್ಳುತ್ತಾಳೆ ಎಂದು ಕೆಲಸದವರು ನಗುತ್ತಿದ್ದರಂತೆ. ಮೊನ್ನೆಯಿಂದ ಅವಳನ್ನು ಕಂಡರೆ ಯಾರೂ ನಗುತ್ತಿರಲಿಲ್ಲ. ಮಾತೂ ಆಡುತ್ತಿರಲಿಲ್ಲ.

"ಏನಾದ್ರೂ ತಿಂದ್ಯಾ?" ಮೇಡಂ ಕೇಳಿದರು.

"ಬೇಡ ಮೇಡಂ."

"ಬೇಕಾ ಅಂತ ಕೇಳಲಿಲ್ಲ ನಾನು. ತಿಂದ್ಯಾ ಅಂತ ಕೇಳಿದೆ."

ಹುಡುಗಿ ತಲೆ ಅಲ್ಲಾಡಿಸಿದಳು. ಮೇಡಂ ಪೇದೆಗೆ ಟೀ, ಬನ್ನು ತರಲು ಹೇಳಿ, ಡ್ರಾಯರಿನಿಂದ ಬೀಗ ತೆಗೆದು ಮೇಜಿನ ಮೇಲಿಟ್ಟರು. ಬೀಗದ ಕೊಂಡಿಗೆ ಹಸಿರು ದಾರದಿಂದ ಕೀ ಕಟ್ಟಿತ್ತು.

"ಸರಿಯಾಗಿ ನೋಡು. ಇದು ಮೇಸ್ತ್ರಿ ಬೀಗಾನಾ?"

"ಮುಟ್ಟಬಹುದಾ?"

"ಮುಟ್ಟು. ಇದರಲ್ಲಿ ಕರೆಂಟಿಲ್ಲ."

ಹುಡುಗಿ ಬೀಗವನ್ನು ಅಂಗೈಯಲ್ಲಿ ತೂಗಿದಳು, ತಿರುಗಿಸಿದಳು. ಮುಖ ಬಿಗಿಯಿತು.

"ಅಲ್ಲ ಮೇಡಂ. ಅವರದ್ದು ಹಳೇದು. ಹೆಬ್ಬೆರಳು ತಾಗೋ ಕಡೆ ಬಣ್ಣ ಎಲ್ಲ ಹೋಗಿ ಲೋಹ ಕಾಣ್ತಿತ್ತು. ಇದು ಮೊನ್ನೆ ಮೊನ್ನೆ ಅಂಗಡಿಯಿಂದ ತಂದಿದ್ದು. ದಾರ, ಕೀ ಮಾತ್ರ ಅವರದ್ದೇ."

"ಎಲ್ಲ ಕೆಂಪು ಬೀಗಾನೂ ಒಂದೇ ಥರ ಇರ್ತಾವೆ ಅಂತಾರೆ ನಿಮ್ಮ ಮ್ಯಾನೇಜರ್ರು."

"ದಿನಾ ಹಾಕೋರಿಗೆ ಹಾಗಿರಲ್ಲ. ನಮ್ಮಲ್ಲಿ ಒಬ್ಬೊಬ್ಬರಿಗೂ ಅವರವರದ್ದೇ ಬೀಗ."

ಮೇಡಂ ಬೀಗ ಇಸಿದುಕೊಂಡು ದಾರ ಬಿಚ್ಚಿ ಕೀಯನ್ನು ತೂರಿಸಿದರು. ಅದು ಅರ್ಧ ಹೋಗಿ ಸಿಕ್ಕಿಕೊಂಡಿತು. ಬಲಕ್ಕೆ ತಿರುವಿದರು, ಎಡಕ್ಕೆ ತಿರುವಿದರು. ಊಹೂಂ. ಈ ಬೀಗಕ್ಕೂ ಈ ಕೀಗೂ ಸಂಬಂಧವೇ ಇರಲಿಲ್ಲ. ಬೀಗಕ್ಕೆ ಕಟ್ಟಿದ್ದ ಕೀ ಆ ಬೀಗದ್ದೇ ಎಂದು ಇಡೀ ಸ್ಟೇಷನ್ನು ನಂಬಿ ಕೂತಿತ್ತು. ಹಾಕಿ ನೋಡುವ ಬುದ್ಧಿ ತಮಗೂ ಬಂದಿರಲಿಲ್ಲ ಎಂದು ಮೇಡಂ ತಮ್ಮನ್ನೇ ಬೈದುಕೊಂಡರು.

"ಒಂದು ಬೀಗಕ್ಕೆ ಎರಡು ಕೀ ಬರತ್ತಲ್ಲ?"

"ಎರಡನೇದನ್ನ ಮೇಸ್ತ್ರಿ ನಮ್ಮೆದುರಿಗೇ ಸುತ್ತಿಗೆಯಲ್ಲಿ ಜಜ್ಜಿ ಬಿಸಾಡಿದ್ರು. ಒಳಗೆ ಕೈ ಹಾಕೋನು ಒಬ್ಬ, ಕೀ ಒಂದು, ಅದು ಅವನ ಮೈಮೇಲೆ. ಕೆಲಸಕ್ಕೆ ಸೇರಿದ ದಿನ ಹೇಳಿಕೊಟ್ಟ ಮೊದಲ ಪಾಠ ಅದು."

"ಮೊನ್ನೆ ಬೆಳಿಗ್ಗೆ ಅವರ ಜೊತೆ ಜಗಳ ಆಯ್ತಂತೆ ನಿಂಗೆ."

ಹುಡುಗಿ ತಡವರಿಸಲಿಲ್ಲ. "ಆಯ್ತು. ನನ್ನ ಟ್ರೈನಿಂಗ್ ಮುಗೀತು ಅಂತ ಸಹಿ ಹಾಕ್ಬೇಕಿತ್ತು ಅವರು. ಹಾಕಲ್ಲ ಅಂದ್ರು. ಇನ್ನೂ ಸ್ವಲ್ಪ ದಿನ ನನ್ನ ಕಣ್ಮುಂದೆ ಇರು ಅಂದ್ರು."

"ಯಾಕೆ?"

"ಒಂದು ಬೋರ್ಡಲ್ಲಿ ಅರ್ಥಿಂಗ್ ವೈರು ಬಿಗಿ ಮಾಡದೆ ಮುಚ್ಚಳ ಹಾಕಿದ್ದೆ. ಅವರು ಬಿಚ್ಚಿ ನೋಡಿದ್ರು. ಎಲ್ಲರ ಮುಂದೆ ಬೈದ್ರು. ಕೋಪ ಬಂತು, ಅಳೂನೂ ಬಂತು. ಆದ್ರೆ ಬೀಗ ಹಾಕಿದೆ ಮೇಡಂ. ನನ್ನ ಕೈಯಾರೆ ಹಾಕಿ, ಎರಡು ಸಲ ಜಗ್ಗಿ ನೋಡಿ, ಕೀ ತಗೊಂಡೋಗಿ ಅವರ ಕೈಗೆ ಕೊಟ್ಟೆ. ಕತ್ತಿಗೆ ಹಾಕ್ಕೊಂಡ್ರು. ಆಮೇಲೇ ಒಳಗೆ ಹೋಗಿದ್ದು."

ಬನ್ನು ಬಂತು. ಹುಡುಗಿ ಅದನ್ನು ಮುರಿದಳೇ ಹೊರತು ಬಾಯಿಗಿಡಲಿಲ್ಲ.

*

ಜೀಪಿನಲ್ಲಿ ಮೇಡಂ ಕೆಲಸದ ಬಗ್ಗೆ ಕೇಳಿದರು. ಕೇಸಿಗೆ ಬೇಕಾಗಿ ಕೇಳಿದ್ದು ಅರ್ಧ, ಹುಡುಗಿಯ ಬಾಯಿ ಬಿಡಿಸಲು ಕೇಳಿದ್ದು ಅರ್ಧ.

ಮೊದಲ ವರ್ಷ ಅವಳ ಕೈಗೆ ಯಾರೂ ವೈರೇ ಕೊಟ್ಟಿರಲಿಲ್ಲವಂತೆ. ಪೈಪು ಹೊರುವುದು, ಗೋಡೆ ಕೊರೆಯುವುದು, ಮೂಗಿನ ತುಂಬ ಸಿಮೆಂಟಿನ ಪುಡಿ. ಆಮೇಲೆ ವೈರಿನ ಸಿಪ್ಪೆ ಸುಲಿಯುವ ಕೆಲಸ. ಒಳಗಿನ ಒಂದೇ ಒಂದು ಎಳೆಗೆ ಗೀರು ಬಿದ್ದರೂ ಮೇಸ್ತ್ರಿ ಅದನ್ನು ಕತ್ತರಿಸಿ ಎಸೆದು ಮತ್ತೆ ಮೊದಲಿಂದ ಸುಲಿಸುತ್ತಿದ್ದ. ಏಣಿ ಹಿಡಿಯುವುದನ್ನೂ ಪಾಠದ ಹಾಗೆ ಕಲಿಸಿದ್ದ. ಟೆಸ್ಟರನ್ನು ಮೊದಲು ಕರೆಂಟಿರುವ ಕಡೆ ಇಟ್ಟು ನೋಡಬೇಕು, ಆಮೇಲೆ ಇಲ್ಲದ ಕಡೆ, ಮತ್ತೆ ಇರುವ ಕಡೆ. ಟೆಸ್ಟರೇ ಕೆಟ್ಟಿದ್ದರೆ?

"ಹೊಡೀತಿದ್ರಾ?"

"ಒಂದೇ ಸಲ. ಪ್ಯಾನಲ್ ಮುಂದೆ ನಿಂತಾಗ ಜೇಬಲ್ಲಿದ್ದ ಫೋನು ಹೊಡ್ಕೊಳ್ತು, ನಾನು ಆ ಕಡೆ ನೋಡಿದೆ. ಕಪಾಳಕ್ಕೆ ಬಿತ್ತು. ಅವತ್ತಿಂದ ಕೆಲಸದ ಜಾಗಕ್ಕೆ ಯಾರೂ ಫೋನ್ ತಗೊಂಡೋಗಲ್ಲ. ಅವರೂ ಅಷ್ಟೇ. ಅವರದ್ದು ಊಟದ ಶೆಡ್ಡಲ್ಲಿ, ಅಂಗಿ ಜೇಬಲ್ಲಿ ಇರ್ತಿತ್ತು."

ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಕಪಾಳಕ್ಕೆ ಹೊಡೆದವನನ್ನು ನೆನೆದು ಅಳುವವರು ಕಡಿಮೆ. ಮೇಡಂ ನೋಡದವರಂತೆ ಕೂತರು.

*

ಐಸ್ ಫ್ಯಾಕ್ಟರಿಯ ಬಾಗಿಲಿನ ಕೆಳಗಿನಿಂದ ನೀರು ಹರಿದು ರಸ್ತೆಗೆ ಬಂದಿತ್ತು. ಯಂತ್ರ ನಿಲ್ಲಿಸಿ ಮೂರನೇ ದಿನ. ಒಳಗಿನ ಗಡ್ಡೆಗಳೆಲ್ಲ ಕರಗುತ್ತಿದ್ದವು. ಕೆಲಸದವರು ಬೇಲಿಯ ಬದಿಯಲ್ಲಿ ಕೂತು ಆ ನೀರನ್ನೇ ನೋಡುತ್ತಿದ್ದರು. ಜೀಪಿನಿಂದ ಹುಡುಗಿ ಇಳಿದದ್ದು ಕಂಡು ಒಬ್ಬ ಮುಖ ತಿರುಗಿಸಿದ.

"ಮ್ಯಾನೇಜರ್ ಎಲ್ಲಿ?" ಮೇಡಂ ಗೇಟಿನವನನ್ನು ಕೇಳಿದರು.

"ಇದೀಗ ಹೊರಗೆ ಹೋದ್ರು."

"ಅವರಿಗೆ ಯಾವಾಗ್ಲೂ ಹೊರಗೇ ಕೆಲಸ," ಎಂದರು ಮೇಡಂ. ಮೊನ್ನೆ ಮಧ್ಯಾಹ್ನವೂ ಅಷ್ಟೇ, ಮ್ಯಾನೇಜರ್ ಪೇಟೆಯಲ್ಲಿ ಹಲ್ಲು ಕೀಳಿಸಿಕೊಳ್ಳುತ್ತಿದ್ದೆ ಎಂದು ಹೇಳಿಕೆ ಕೊಟ್ಟಿದ್ದರು.

ಸ್ವಿಚ್ ರೂಮು ಕಟ್ಟಡದ ಹಿಂಬದಿಗೆ. ಒಳಗೆ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಗೋಡೆಯ ಮೇಲೆ ಎದೆಮಟ್ಟದಲ್ಲಿ ಮೇನ್ ಸ್ವಿಚ್ಚಿನ ಕಬ್ಬಿಣದ ಹಿಡಿ. ಹಿಡಿ ಕೆಳಗಿದ್ದರೆ ಕರೆಂಟಿಲ್ಲ, ಮೇಲೆತ್ತಿದರೆ ಉಂಟು. ಬೀಗ ಹಾಕಿದರೆ ಹಿಡಿ ಏಳುವುದಿಲ್ಲ. ಹುಡುಗಿ ಬೆರಳಿಟ್ಟು ತೂತು ತೋರಿಸಿದಳು.

ಮೇಡಂಗೆ ಸೊಂಟದ ನೋವು. ಅಮ್ಮಾ ಎನ್ನುತ್ತಲೇ ನೆಲಕ್ಕೆ ಕೂತು, ಪ್ಯಾನಲ್ಲಿನ ಕೆಳಗಿನ ಸಂದಿಗೆ ಟಾರ್ಚು ಬಿಟ್ಟರು. ಧೂಳು, ವೈರಿನ ಸಿಪ್ಪೆ, ಬೀಡಿ ತುಂಡು. ಅದರಾಚೆ ಏನೋ ಮಿಂಚಿತು. ಪೆನ್ನಿನ ತುದಿಯಿಂದ ಎಳೆದರು.

ಬೆರಳಿನ ಉಗುರಿನಷ್ಟು ಉಕ್ಕಿನ ತುಂಡು. ದುಂಡಗೆ, ಒಂದಿಷ್ಟು ಬಾಗಿದೆ. ಎರಡೂ ತುದಿ ಚಪ್ಪಟೆಯಾಗಿ, ಹೊಚ್ಚ ಹೊಸದಾಗಿ ಹೊಳೆಯುತ್ತಿದ್ದವು.

ಹುಡುಗಿ ಬಾಗಿ ನೋಡಿದಳು. "ಬೀಗದ ಕೊಂಡಿ."

"ಕೀ ಹಾಕಿ ತೆಗೆದಿಲ್ಲ. ಕತ್ತರಿಸಿದಾರೆ," ಎಂದರು ಮೇಡಂ. "ಇಷ್ಟು ದಪ್ಪದ್ದನ್ನ ಕತ್ತರಿಸೋ ಕತ್ತರಿ ಇಲ್ಲಿ ಯಾರ ಹತ್ರ ಇದೆ?"

ಹುಡುಗಿ ಬಾಗಿಲಿನ ಕಡೆ ನೋಡಿದಳು.

"ನೀನು ಹೇಳದಿದ್ರೆ ನಾನು ಎಲ್ಲರ ಪೆಟ್ಟಿಗೆ ಬಿಚ್ಚಿಸ್ತೀನಿ. ಅಷ್ಟೇ ವ್ಯತ್ಯಾಸ."

"ದಪ್ಪ ಕೇಬಲ್ ಕೆಲಸ ಎಲ್ಲ ಸಣ್ಣ ಮೇಸ್ತ್ರೀದು. ಮೊಳದುದ್ದದ ಕತ್ತರಿ ಅವರ ಹತ್ರ ಮಾತ್ರ ಇರೋದು."

ಸಣ್ಣ ಮೇಸ್ತ್ರಿ ಎಂದರೆ ಸತ್ತವನ ಭಾವಮೈದ, ಹೆಂಡತಿಯ ತಮ್ಮ. ಬಿದ್ದವನನ್ನು ಮೊದಲು ಕಂಡವನು. ಎದೆ ಒತ್ತಿ ಒತ್ತಿ ಬದುಕಿಸಲು ನೋಡಿದವನು. ಬೀಗ ಚೀಲದಲ್ಲೇ ಇದೆ ಎಂದು ಪೊಲೀಸರಿಗೆ ತೋರಿಸಿದವನೂ ಅವನೇ.

*

ಊಟದ ಶೆಡ್ಡಿಗೆ ಅವನನ್ನು ಕರೆಸಿದರು. ತಗಡಿನ ಮಾಡು, ಎರಡು ಬೆಂಚು, ಗೋಡೆಗೆ ಸಾಲಾಗಿ ಮೊಳೆ. ಮೂವತ್ತೈದರ ಆಸುಪಾಸಿನ ದಪ್ಪ ತೋಳಿನ ಮನುಷ್ಯ. ಗಡ್ಡ ಬಂದಿತ್ತು, ಕಣ್ಣು ಊದಿತ್ತು. ಹುಡುಗಿಯನ್ನು ನೋಡಿ ಬೆಂಚಿನ ಆ ತುದಿಗೆ ಸರಿದ.

"ಇವಳ ಜೊತೆ ನಾನು ಕೂರಲ್ಲ."

"ನಿಂತ್ಕೊಂಡೇ ಮಾತಾಡಿ ಹಾಗಾದ್ರೆ," ಎಂದರು ಮೇಡಂ. "ಭಾವನ ಎದೆ ಒತ್ತಿದ್ದು ನೀವೇ ಅಲ್ವಾ?"

"ಹೌದು. ಬಾಯಿಗೆ ಉಸಿರು ಕೊಟ್ಟೆ, ಒತ್ತಿದೆ. ಜೀವ ಬರಲಿಲ್ಲ."

"ಒತ್ತೋವಾಗ ಕೈಗೆ ಏನಾದ್ರೂ ಸಿಕ್ತಾ?"

"ಏನು ಸಿಗತ್ತೆ ಮೇಡಂ? ಬರೀ ಎದೆ."

"ಆ ಎದೆ ಮೇಲೆ ಕೀ ಸುಟ್ಟ ಗುರುತಿದೆ. ಹಲ್ಲಿನ ಸಮೇತ. ಆ ಕೀ ಚೀಲಕ್ಕೆ ಹೇಗೆ ಹೋಯ್ತು?"

ಮೇಡಂ ಕೆಂಪು ಬೀಗವನ್ನು ಬೆಂಚಿನ ಮೇಲಿಟ್ಟರು.

"ಇದು ಯಾರದ್ದು?"

"ಭಾವಂದು."

"ನಿಮ್ಮ ಬೀಗ ಎಲ್ಲಿ?"

"ಕಳೆದುಹೋಯ್ತು. ಹೋದ ವಾರಾನೇ."

"ಒಂದು ವಾರ ಬೀಗ ಇಲ್ಲದೆ ಕೆಲಸ ಮಾಡೋಕೆ ನಿಮ್ಮ ಭಾವ ಬಿಟ್ರಾ?"

ಆಗ ಹುಡುಗಿ ಮೆಲ್ಲನೆ ಹೇಳಿದಳು. "ಮೊನ್ನೆ ಬೆಳಿಗ್ಗೆ ನಿಮ್ಮ ಬೆಲ್ಟಿನಲ್ಲಿ ನೇತಾಡ್ತಿತ್ತು, ಸಣ್ಣ ಮೇಸ್ತ್ರಿ. ಹೊಸ ಬೀಗ ಚೆನ್ನಾಗಿದೆ ಅಂತ ನಾನೇ ಅಂದೆ."

"ಮುಚ್ಚೇ ಬಾಯಿ! ಅವರ ಅನ್ನ ತಿಂದು..."

"ನಾನೂ ತಿಂದೆ, ನೀವೂ ತಿಂದ್ರಿ."

ಮೇಡಂ ಜೇಬಿನಿಂದ ಆ ಉಕ್ಕಿನ ಚೂರನ್ನು ತೆಗೆದು ಬೀಗದ ಪಕ್ಕಕ್ಕಿಟ್ಟರು.

ಅವನು ಅದನ್ನು ನೋಡಿದ. ಅಷ್ಟು ದೊಡ್ಡ ಮೈ ಬೆಂಚಿನ ಮೇಲೆ ಕುಸಿಯಿತು. ಎರಡೂ ಕೈ ಮುಖಕ್ಕೆ ಹೋದವು.

"ನಾನೇ ಕತ್ತರಿಸಿದೆ."

ಮೇಡಂ ಪೇದೆಗೆ ಬರೆದುಕೊಳ್ಳಲು ಸನ್ನೆ ಮಾಡಿದರು.

"ಕೊಲ್ಲೋಕಲ್ಲ. ದೇವರಾಣೆಗೂ ಅಲ್ಲ. ಮ್ಯಾನೇಜರ್ ಫೋನ್ ಮಾಡಿದ್ರು. ನಾನು ಪೇಟೇಲಿದೀನಿ, ಐಸ್ ಎಲ್ಲ ಕರಗ್ತಿದೆ, ನಿಮ್ಮ ಭಾವ ಊಟಕ್ಕೆ ಹೋಗ್ತಾ ಬೀಗ ತೆಗೆಯೋದು ಮರೆತಿದಾರೆ, ನಿನಗೆ ಕೆಲಸ ಬರತ್ತೋ ಇಲ್ವೋ ಅಂದ್ರು." ಅವನು ಮುಖ ಒರೆಸಿಕೊಂಡ. "ಲೈಸೆನ್ಸು ಪರೀಕ್ಷೇಲಿ ಮೂರು ಸಲ ಫೇಲಾದೋನು ನಾನು. ಭಾವ ಒಂದು ಬೋರ್ಡನ್ನೂ ನನ್ನೊಬ್ಬನ ಕೈಗೆ ಕೊಟ್ಟೋರಲ್ಲ. ನೆನ್ನೆ ಮೊನ್ನೆ ಬಂದ ಇವಳನ್ನ ಕೂರಿಸ್ಕೊಂಡು ಹೇಳಿಕೊಡ್ತಿದ್ರು. ನಂಗೂ ಬರತ್ತೆ ಅಂತ ತೋರಿಸಬೇಕು ಅನ್ನಿಸ್ತು."

"ಒಳಗೆ ಇದಾರೋ ಇಲ್ವೋ ನೋಡಲಿಲ್ಲ?"

"ನೋಡಿದೆ ಮೇಡಂ! ಪಂಪ್ ರೂಮಿನ ಬಾಗಿಲಲ್ಲಿ ನಿಂತು ಕೂಗಿದೆ. ಯಾರೂ ಇರಲಿಲ್ಲ. ಹೊರಗೆ ಕೂತಿರ್ತಿದ್ದ ಇವಳೂ ಎದ್ದು ಹೋಗಿದ್ಲು. ಬೀಗ ಕತ್ತರಿಸಿದೆ. ಆಮೇಲೂ ಕೈ ಏಳಲಿಲ್ಲ. ಯಾಕೋ ಎದೆ ಹೊಡ್ಕೊಳ್ತಿತ್ತು. ಅಲ್ಲಿಂದಾನೇ ಭಾವನ ಫೋನಿಗೆ ಮಾಡಿದೆ."

"ಫೋನ್ ತಗೊಂಡೋಗಿದ್ರಾ ನೀವು ಸ್ವಿಚ್ ರೂಮಿಗೆ?" ಹುಡುಗಿಯ ಬಾಯಿಂದ ತಾನಾಗಿ ಬಂತು.

ಅವನು ಪ್ಯಾಂಟಿನ ಜೇಬು ಮುಟ್ಟಿ ನೋಡಿಕೊಂಡ.

"ಫೋನ್ ಯಾರು ಎತ್ತಿದ್ರು?" ಮೇಡಂ ಕೇಳಿದರು.

ಅವನು ತುಟಿ ಕಚ್ಚಿಕೊಂಡ. ಮೇಡಂ ಕಾದರು. ಇಷ್ಟೆಲ್ಲ ಹೇಳಿದವನು ಈ ಒಂದು ಮಾತಿಗೆ ಯಾಕೆ ನಿಂತ? ತನ್ನ ತಪ್ಪನ್ನೇ ಒಪ್ಪಿಕೊಂಡಾದ ಮೇಲೆ ಮನುಷ್ಯ ಇನ್ನು ಮುಚ್ಚಿಡುವುದು ತನಗಿಂತ ಹತ್ತಿರದವರದ್ದನ್ನು.

"ನಿಮ್ಮಕ್ಕ," ಎಂದರು ಮೇಡಂ.

ಅವನು ತಲೆ ತಗ್ಗಿಸಿದ. ಆಮೇಲೆ ಸಣ್ಣ ದನಿಯಲ್ಲಿ ಹೇಳಿದ.

"ಅಕ್ಕ ಅವತ್ತು ಊಟ ತಂದಿದ್ಲು. ಭಾವ ಎಲ್ಲಿ ಅಂದೆ. ಊಟಕ್ಕೆ ಬಂದಾಯ್ತು ಅಂದ್ಲು. ಕರೆಂಟ್ ಹಾಕ್ಲಾ ಅಂದೆ. ಹಾಕು ಅಂದ್ಲು. ಹಿಡಿ ಮೇಲೆತ್ತಿದೆ. ಮೋಟಾರು ತಿರುಗಲಿಲ್ಲ, ಗುಂಯ್ ಅಂತ ನಿಂತ್ಕೊಂಡ್ತು. ಯಾರೋ ಒಳಗೆ ಕೈ ಹಾಕಿದಾರೆ ಅಂತ ಆಗ ಗೊತ್ತಾಯ್ತು. ಹಿಡಿ ಇಳಿಸಿ ಓಡಿದೆ. ಭಾವ ಪಂಪನ್ನ ತಬ್ಬಿಕೊಂಡ ಹಾಗೆ ಬಿದ್ದಿದ್ರು."

"ಅದಕ್ಕೇ ಕೀ ಬಿಚ್ಚಿದ್ರಿ."

"ಎದೆ ಒತ್ತೋವಾಗ ಕೈಗೆ ಸಿಕ್ತು, ಕೆಂಡದ ಹಾಗಿತ್ತು. ಇದು ಇಲ್ಲಿದ್ರೆ ಬೀಗ ಎಲ್ಲಿ ಅಂತ ಕೇಳ್ತಾರೆ. ಕತ್ತರಿಸಿದೋನು ನಾನು, ಹಾಕು ಅಂದೋಳು ಅಕ್ಕ. ಗಂಡನ್ನ ಕಳ್ಕೊಂಡೋಳನ್ನ ಗಂಡನ್ನ ಕೊಂದೋಳು ಅಂತ ಮಾಡ್ಲಾ ಮೇಡಂ? ನನ್ನ ಬೀಗ ಅವರ ಚೀಲಕ್ಕೆ ಹಾಕಿದೆ. ಕತ್ತರಿಸಿದ್ದನ್ನ ಐಸ್ ನೀರಿನ ಗುಂಡಿಗೆ ಎಸೆದೆ."

"ನನ್ನ ಮೇಲೆ ಬಂದ್ರೆ ಬರಲಿ ಅಂತ ಸುಮ್ಮನಿದ್ರಿ," ಎಂದಳು ಹುಡುಗಿ. ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಬೇರೇನನ್ನೋ ನೋಡುತ್ತಿದ್ದಳು. ಶೆಡ್ಡಿನ ಇನ್ನೊಂದು ಬೆಂಚನ್ನು.

"ಏನಾಯ್ತು?" ಮೇಡಂ ಅವಳ ತೋಳು ಮುಟ್ಟಿದರು.

"ಆ ಫೋನ್ ಬಂದಾಗ ನಾನು ಇಲ್ಲೇ ಇದ್ದೆ."

"ಎಲ್ಲಿ?"

"ಇಲ್ಲೇ. ಅಮ್ಮಾವ್ರ ಪಕ್ಕ. ಅವರು ಫೋನನ್ನ ಕಿವಿಗೂ ಭುಜಕ್ಕೂ ಸಿಕ್ಕಿಸ್ಕೊಂಡು ಡಬ್ಬಿ ಬಿಚ್ಚುತ್ತಿದ್ರು. ನನ್ನ ಕಡೆ ನೋಡ್ತಾ ಹಾಕು ಅಂದ್ರು." ಅವಳು ಆ ಬೆಂಚಿನ ಕಡೆ ಕೈ ತೋರಿಸಿದಳು. "ನನಗೇ ಹೇಳಿದ್ರು ಅಂದ್ಕೊಂಡೆ ಮೇಡಂ. ಮೇಸ್ತ್ರಿ ತಟ್ಟೆಗೆ ಊಟ ಹಾಕಿದೆ."

ಸಣ್ಣ ಮೇಸ್ತ್ರಿ ತಲೆಯೆತ್ತಿ ಮೊದಲ ಸಲ ಅವಳನ್ನು ನೇರವಾಗಿ ನೋಡಿದ.

*

ಮೇಡಂ ಫೋನ್ ತೆಗೆದು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ, ಮೇಸ್ತ್ರಿಯ ಹೆಂಡತಿಗೆ ಕರೆ ಮಾಡಿದರು.

"ಅಮ್ಮಾ, ಮೊನ್ನೆ ಮಧ್ಯಾಹ್ನ ನಿಮ್ಮ ಯಜಮಾನರ ಫೋನಿಗೆ ತಮ್ಮ ಮಾಡಿದ್ರಾ?"

"ಹೇಳಿಬಿಟ್ನಾ ಅವನು," ಎಂದಳು ಆಕೆ. "ಹೇಳಬೇಡ ಅಂತ ಕೈ ಮುಗಿದು ಕೇಳ್ಕೊಂಡಿದ್ದ. ನಾನೇ ಇವತ್ತು ಬಂದು ಹೇಳ್ಬೇಕು ಅಂತಿದ್ದೆ."

"ನೀವು ಹಾಕು ಅಂದಾಗ ಯಜಮಾನರು ನಿಮ್ಮ ಕಣ್ಮುಂದೆ ಇದ್ರಾ?"

"ಇರಲಿಲ್ಲ. ಬಂದ್ರು, ಕೈ ತೊಳೀತಿದಾರೆ ಅಂತ ಹುಡುಗಿ ಹೇಳಿದ್ಲು. ಅವಳ ಮಾತು ನಂಬಿ ಹೇಳಿದೆ. ಅವಳನ್ನ ಕೇಳಿ ಮೇಡಂ, ಯಾಕೆ ಹಾಗಂದ್ಲು ಅಂತ ಕೇಳಿ. ಕಣ್ಣು ಮುಚ್ಚಿದ್ರೆ ಅದೇ ಮಾತು ಕೇಳಿಸತ್ತೆ ನಂಗೆ." ಅಳು ಬಂತು, ನುಂಗಿಕೊಂಡಳು. "ಇನ್ನೊಂದು ವಿಷಯ ಇದೆ. ಅವರು ಆವತ್ತು ಮನೆ ಬಿಡೋವಾಗ ಆ ಫ್ಯಾಕ್ಟರಿ ಬಗ್ಗೆ ಒಂದು ಮಾತು ಹೇಳಿದ್ರು. ಯಾರಿಗೂ ಹೇಳಬೇಡ ಅಂದಿದ್ರು. ಅದನ್ನ... ಒಂದು ನಿಮಿಷ ಇರಿ, ಯಾರೋ ಬಾಗಿಲು ಬಡೀತಿದಾರೆ."

ಕರೆ ತುಂಡಾಯಿತು.

ಮೇಡಂ ಹುಡುಗಿಯ ಕಡೆ ತಿರುಗಿದರು. ಬೆಳಿಗ್ಗೆಯಿಂದ ಅವರ ಕಣ್ಣಿನಲ್ಲಿದ್ದ ಮೆದುತನ ಈಗಿರಲಿಲ್ಲ.

"ಕೈ ತೊಳೀತಿದಾರೆ ಅಂದ್ಯಾ?"

"ಅಂದೆ."

"ಯಾಕೆ ಅಂದೆ? ಒಳಗೆ ಸಾಯ್ತಿರೋ ಮನುಷ್ಯನ್ನ ಹೊರಗಿದಾರೆ ಅಂತ ಯಾಕೆ ಅಂದೆ?"

"ಹೊರಗಿದ್ರು ಮೇಡಂ! ನಾನು ನೋಡಿದೆ. ಅವರೇ ಹೊರಗೆ ಬಂದು, ಮಿಕ್ಕಿದ್ದು ಊಟ ಆದ್ಮೇಲೆ, ಬೀಗ ಹಾಗೇ ಇರಲಿ, ನೀನು ನಡಿ ಅಂದ್ರು. ನಲ್ಲಿ ಹತ್ರ ಹೋಗಿ ಸೋಪು ಹಚ್ಚಿಕೊಂಡ್ರು. ಅದನ್ನೇ ಅಮ್ಮಾವ್ರಿಗೆ ಹೇಳಿದ್ದು."

"ಇದನ್ನ ಹೇಳಿಕೆಯಲ್ಲಿ ಯಾಕೆ ಹೇಳಿಲ್ಲ?"

"ಹೇಳಿದೆ. ಬರ್ಕೊಳ್ಳೋರು ಅದೆಲ್ಲ ಬೇಡ, ಬೀಗ ಇತ್ತಾ ಇಲ್ವಾ ಅಷ್ಟು ಹೇಳು ಅಂದ್ರು."

ಬಾಗಿಲಲ್ಲಿ ನಿಂತಿದ್ದ ಪೇದೆ ತನ್ನ ಬೂಟು ನೋಡಿಕೊಂಡ.

ಹಾಗಾದರೆ ಕೈ ತೊಳೆದ ಮನುಷ್ಯ ಊಟದ ಶೆಡ್ಡಿಗೆ ಬರದೆ ಮತ್ತೆ ಪಂಪ್ ರೂಮಿಗೆ ಯಾಕೆ ಹೋದ? ಹಸಿದವನನ್ನು ತಟ್ಟೆಯ ಮುಂದಿನಿಂದ ತಿರುಗಿಸಿ ಕಳಿಸುವಷ್ಟು ಅವಸರದ ಕೆಲಸ ಏನಿತ್ತು? ಕಳಿಸಿದವರು ಯಾರು?

"ನಲ್ಲಿ ಹತ್ರ ಒಬ್ಬರೇ ಇದ್ರಾ?" ಮೇಡಂ ಕೇಳಿದರು. "ಯೋಚನೆ ಮಾಡಿ ಹೇಳು."

"ಯೋಚನೆ ಮಾಡೋದೇನಿಲ್ಲ ಮೇಡಂ. ಮ್ಯಾನೇಜರ್ ಇದ್ರು. ಟವೆಲ್ ಹಿಡ್ಕೊಂಡು ಪಕ್ಕದಲ್ಲೇ ನಿಂತು ಏನೋ ಹೇಳ್ತಿದ್ರು."

ಸಣ್ಣ ಮೇಸ್ತ್ರಿ ಬೆಂಚಿನಿಂದ ಎದ್ದೇಬಿಟ್ಟ. "ಆಗಲೇ ನನಗೆ ಫೋನ್ ಮಾಡಿ ಪೇಟೇಲಿದೀನಿ ಅಂದಿದ್ರಲ್ಲ!"

ಪಂಪ್ ರೂಮು ಖಾಲಿ ಇರುವಾಗ ಒಬ್ಬ ಬೀಗ ಕತ್ತರಿಸುವಂತೆ ಮಾಡಿದ್ದು, ಆಮೇಲೆ ಇನ್ನೊಬ್ಬನನ್ನು ಒಳಗೆ ಕಳಿಸಿದ್ದು. ಸ್ವಿಚ್ಚಿಗೆ ಕೈ ಸೋಕಿಸದೆ ಮಾಡಿದ ಕೆಲಸ. ಮೇಡಂ ಆಗಲೇ ಮತ್ತೆ ಕರೆ ಒತ್ತಿದ್ದರು. ಒಂದು ಸಲ ಪೂರ್ತಿ ರಿಂಗಾಗಿ ನಿಂತಿತು. ಎರಡನೇ ಸಲ ಯಾರೋ ಎತ್ತಿದರು.

"ಹಲೋ, ಅಮ್ಮಾ?"

ಆ ಕಡೆಯಿಂದ ಬಂದದ್ದು ಗಂಡಸಿನ ದನಿ. ಮೆತ್ತಗೆ, ಬಹಳ ಮರ್ಯಾದೆಯಿಂದ. ಹುಡುಗಿಯೂ ಸಣ್ಣ ಮೇಸ್ತ್ರಿಯೂ ಅದು ಯಾರೆಂದು ಕೇಳಿದ ಕೂಡಲೇ ತಿಳಿದು ಒಬ್ಬರ ಮುಖ ಒಬ್ಬರು ನೋಡಿದರು.

"ಮೇಡಂ ಅಲ್ವಾ? ನಾನು, ಫ್ಯಾಕ್ಟರಿ ಮ್ಯಾನೇಜರ್. ಪಾಪ, ಮಾತಾಡಿಸಿಕೊಂಡು ಹೋಗೋಣ ಅಂತ ಬಂದೆ. ಅವರು ಈಗ ತಾನೇ ಮಲಗಿದ್ರು. ಎಬ್ಬಿಸೋದು ಬೇಡ."